ನಮೂನೆ 26ರಲ್ಲಿ ಭಾವನ ತೋಟ

ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ನನ್ನದೊಂದು ಸಣ್ಣ ಕೋಣೆಯಿದೆ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆಯುವುದು, ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು ನನ್ನ ಕಸುಬು. ಇಪ್ಪತ್ತಾರು ವರ್ಷದಿಂದ ಈ ಸೀಮೆಯ ಜನರ ಆಸ್ತಿಯನ್ನು ಚೆಕ್ಕುಬಂದಿ ಸಮೇತ ಬರೆದುಕೊಂಡೇ ಬಂದಿದ್ದೇನೆ. ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ ಎಂಬುದು ಊರಿಗಿಂತ ಮೊದಲು ನನಗೆ ತಿಳಿಯುತ್ತದೆ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಮನೆಯ ಕಬ್ಬಿಣದ ಪೆಟ್ಟಿಗೆಯನ್ನೇ ತೆರೆದಿಡುತ್ತಿದ್ದೇನೆ, ಅದೂ ನನ್ನ ಅಕ್ಕನ ಮನೆಯದು. ಸರ್ವೆ ನಂಬರು, ಹೆಸರು ಬಿಟ್ಟು ಉಳಿದದ್ದನ್ನು ಬರೆಯಲು ಭಾವನ ಒಪ್ಪಿಗೆ ಇದೆ.

2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ನಮ್ಮ ಕಡೆಯವರೊಬ್ಬರು ಪಕ್ಷೇತರರಾಗಿ ನಿಲ್ಲುವ ಹಟ ಹಿಡಿದು ನನ್ನಲ್ಲಿಗೆ ಬಂದಿದ್ದರು. ದೊಡ್ಡ ಪಕ್ಷಗಳ ಅಭ್ಯರ್ಥಿಗಳಿಗೆ ಲೆಕ್ಕಪರಿಶೋಧಕರೂ ವಕೀಲರೂ ಇರುತ್ತಾರೆ. ಅವರು ನಮ್ಮಂಥವರ ಕೋಣೆಗೆ ಬರುವುದಿಲ್ಲ. ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರವನ್ನು, ಎಂದರೆ ನಮೂನೆ 26 ಅನ್ನು, ನಾನು ಮೊದಲ ಸಲ ಅಕ್ಷರ ಬಿಡದೆ ಓದಿದ್ದು ಆಗ. ಕೊನೆಗೆ ಅವರು ಮನೆಯವರ ಒತ್ತಾಯಕ್ಕೆ ಮಣಿದು ನಾಮಪತ್ರ ಹಾಕಲೇ ಇಲ್ಲ. ಖಾಲಿ ನಮೂನೆಯ ಎರಡು ಪ್ರತಿಗಳು ನನ್ನ ಕಪಾಟಿನಲ್ಲಿ ಉಳಿದವು.

2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಗದ್ದಲದ ನಡುವೆಯೇ ವೇತನ ಪರಿಷ್ಕರಣೆಯ ಮಸೂದೆಗಳು ಅಂಗೀಕಾರವಾದವು. ಶಾಸಕರ ಮೂಲ ವೇತನ 40,000ದಿಂದ 80,000 ರೂಪಾಯಿಗೆ, ಮುಖ್ಯಮಂತ್ರಿಯದು 75,000ದಿಂದ 1.50 ಲಕ್ಷಕ್ಕೆ, ಸಚಿವರದು 60,000ದಿಂದ 1.25 ಲಕ್ಷಕ್ಕೆ ಏರಿತು. ಅದೇ ದಿನ 18 ಶಾಸಕರ ಅಮಾನತೂ ಆಯಿತು. ಮುಂದಿನ ಸೋಮವಾರ ಭಾವ ಮಗಳ ಕಾಲೇಜು ಸೇರ್ಪಡೆಗೆ ಬೇಕಾದ ಆದಾಯ ಪ್ರಮಾಣಪತ್ರಕ್ಕಾಗಿ ಬಂದ. ಸರ್ವರ್ ಎಚ್ಚರಗೊಳ್ಳುವವರೆಗೆ ಮಾಡಲು ಕೆಲಸವಿರಲಿಲ್ಲ. ಮೇಜಿನ ಮೇಲಿದ್ದ ಪತ್ರಿಕೆಯನ್ನು ಹಿಂದುಮುಂದು ಓದಿ, "ನಲವತ್ತು ಎಂಬತ್ತಾಯಿತಂತೆ. ಅವರಿಗೆ ಇದು ಯಾವ ಮೂಲೆಗೆ ಮಾರಾಯ?" ಎಂದ.

ಯಾವ ಮೂಲೆಗೆ ಎಂಬುದಕ್ಕೆ ಲೆಕ್ಕವಿದೆ ಎಂದೆ. ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸುವ ಎಡಿಆರ್ ಸಂಸ್ಥೆ 2023ರಲ್ಲಿ ನಮ್ಮ ರಾಜ್ಯದ 223 ಶಾಸಕರ ಆಸ್ತಿಯ ಸರಾಸರಿ ತೆಗೆದಿತ್ತು: ತಲಾ 64.39 ಕೋಟಿ ರೂಪಾಯಿ. ಭಾವ ಆ ಸಂಖ್ಯೆಯನ್ನು ಬಾಯಲ್ಲಿಟ್ಟು ಜಗಿಯುವವನ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನನ್ನದನ್ನೂ ಅದೇ ಕಾಗದದಲ್ಲಿ ಬರೆ, ನೋಡೋಣ" ಎಂದ.

ಪ್ರಕರಣ ಇಷ್ಟೇ. ಶಾಸಕರಾಗಲು ಹೊರಟವರು ತುಂಬುವ ನಮೂನೆಯಲ್ಲಿ, ಶಾಸಕನಾಗುವ ಯಾವ ಆಸೆಯೂ ಇಲ್ಲದ ಒಬ್ಬ ಅಡಿಕೆ ಬೆಳೆಗಾರನ ಮನೆಯನ್ನು ತುಂಬಿಸಿ ನೋಡಿದ್ದು.

ಕಾಗದದ ಹಿಂದಿನ ಕಥೆ

ಈ ಕಾಗದ ತಾನಾಗಿ ಹುಟ್ಟಿದ್ದಲ್ಲ. 2002ರ ಮೇ 2ರಂದು ಸುಪ್ರೀಂ ಕೋರ್ಟು, ಅಭ್ಯರ್ಥಿಯ ಆಸ್ತಿ, ಸಾಲ, ಓದು, ಕ್ರಿಮಿನಲ್ ಮೊಕದ್ದಮೆಗಳನ್ನು ತಿಳಿಯುವುದು ಮತದಾರನ ಹಕ್ಕು ಎಂದು ತೀರ್ಪು ಕೊಟ್ಟಿತು. ಬೇರೆ ಬೇರೆ ಮಾತಾಡುವ ಪಕ್ಷಗಳೆಲ್ಲ ಆಗ ಒಂದಾಗಿ, ಅಷ್ಟೆಲ್ಲ ಹೇಳಬೇಕಾಗಿಲ್ಲ ಎಂಬ ಅರ್ಥದ ಕಲಮನ್ನು ಕಾಯ್ದೆಗೆ ಸೇರಿಸಿದವು. 2003ರ ಮಾರ್ಚ್ 13ರಂದು ಕೋರ್ಟು ಆ ಕಲಮನ್ನೂ ಹೊಡೆದುಹಾಕಿತು. 2013ರಲ್ಲಿ ಇನ್ನೊಂದು ತೀರ್ಪು ಬಂದ ಮೇಲೆ ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲ. 'ಇಲ್ಲ' ಎಂದೋ 'ಅನ್ವಯಿಸುವುದಿಲ್ಲ' ಎಂದೋ ಬರೆಯಲೇಬೇಕು. 2018ರ ತೀರ್ಪಿನಿಂದ ಆದಾಯದ ಮೂಲವನ್ನೂ ಹೇಳಬೇಕಾಯಿತು. ಸುಳ್ಳು ಬರೆದರೆ, ಮುಚ್ಚಿಟ್ಟರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಲ್ಲಿ ಆರು ತಿಂಗಳವರೆಗೆ ಶಿಕ್ಷೆ. ಗೆದ್ದ ಮೇಲೂ ಸುಮ್ಮನೆ ಕೂರುವಂತಿಲ್ಲ: 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಮತ್ತು ಕುಟುಂಬದವರ ಆಸ್ತಿ, ಸಾಲದ ವಿವರವನ್ನು ಲೋಕಾಯುಕ್ತರಿಗೆ ಕೊಡಬೇಕು.

ಇಷ್ಟನ್ನು ಭಾವನಿಗೆ ಹೇಳುವ ಹೊತ್ತಿಗೆ ಅವನು ಎರಡು ಸಲ ಆಕಳಿಸಿದ್ದ. ಬರೆಯಲು ಕುಳಿತೆವು.

ಚರಾಸ್ತಿ

ನಮೂನೆಯಲ್ಲಿ ಅಡ್ಡಸಾಲಿಗೆ ಅಂಕಣಗಳಿವೆ: ಅಭ್ಯರ್ಥಿ, ಪತ್ನಿ ಅಥವಾ ಪತಿ, ಹಿಂದೂ ಅವಿಭಕ್ತ ಕುಟುಂಬ, ಅವಲಂಬಿತರು. ಮೊದಲ ಪ್ರಶ್ನೆಯೇ ಕೈಯಲ್ಲಿರುವ ನಗದು. ಭಾವ ಜೇಬಿನಲ್ಲಿದ್ದದ್ದನ್ನು ತೆಗೆದು ಎಣಿಸಿ, ಮನೆಯಲ್ಲಿ ಕೊನೆಗಾರನಿಗೆ ಕೊಡಲು ಇಟ್ಟದ್ದನ್ನು ಸೇರಿಸಿ 3,400 ಎಂದ. ಅಕ್ಕನದನ್ನು ಕೇಳಲು ಫೋನು ಮಾಡಿದೆ. "ನನ್ನ ಹತ್ತಿರ ಎಷ್ಟಿದ್ದರೆ ನಿನಗೇನು? ಸಾಲ ಬೇಕಾಗಿದೆಯಾ?" ಎಂದು ಶುರು ಮಾಡಿದವಳನ್ನು ಸಮಾಧಾನ ಮಾಡಿ 1,150 ಎಂಬ ಅಂಕಿ ಹೊರಡಿಸುವುದರೊಳಗೆ ಸಾಕುಸಾಕಾಯಿತು. ಮತದಾರನ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟು ಹೇಳಿದ್ದು ಅಕ್ಕನಿಗೆ ಅನ್ವಯಿಸುವುದಿಲ್ಲ.

ಬ್ಯಾಂಕಿನಲ್ಲಿ ಭಾವನ 41,200. ಗೃಹಲಕ್ಷ್ಮಿಯ ಎರಡೆರಡು ಸಾವಿರ ಬಂದು ಸೇರುವ ಅಕ್ಕನ ಖಾತೆಯಲ್ಲಿ 17,600. ಸಹಕಾರ ಸಂಘ ಮತ್ತು ಅಡಿಕೆ ಮಾರಾಟ ಸಂಘದ ಷೇರು ಸೇರಿ 8,500. ವಿಮೆಗೆ ಇಲ್ಲಿಯವರೆಗೆ ಕಟ್ಟಿದ್ದು 96,000. ಹನ್ನೊಂದು ವರ್ಷದ ಬೈಕು, ಈಗ ಮಾರಿದರೆ 18,000. ಎರಡು ಹಸು 60,000. ಅಟ್ಟದಲ್ಲಿ ಮಾರದೆ ಉಳಿದ ಎರಡು ಕ್ವಿಂಟಲ್ ರಾಶಿ ಅಡಿಕೆಗೆ ಐವತ್ತು ಸಾವಿರದ ಧಾರಣೆಯಲ್ಲಿ ಒಂದು ಲಕ್ಷ. ಚಿನ್ನ: ಅಕ್ಕನದು 34 ಗ್ರಾಂ, ಭಾವನ ತಾಯಿಯದು 8 ಗ್ರಾಂ. ಗ್ರಾಮಿಗೆ 8,200ರಂತೆ 3,44,400. ಎಲ್ಲ ಕೂಡಿಸಿದರೆ 6,90,250 ರೂಪಾಯಿ. ಅದರಲ್ಲಿ ಅರ್ಧದಷ್ಟು ಹೆಂಗಸರ ಮೈಮೇಲಿನ ಚಿನ್ನ ಎಂಬುದನ್ನು ಗಮನಿಸಬೇಕು. ಮೈಮೇಲೆ ಎಂದದ್ದು ಮಾತಿಗೆ. ಅದರ 28 ಗ್ರಾಂ ಇದ್ದದ್ದು ಸೊಸೈಟಿಯ ಕಪಾಟಿನಲ್ಲಿ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 'ಅವಲಂಬಿತರು' ಎಂಬ ಅಂಕಣ ತುಂಬುವಾಗ ಭಾವನ ಮನೆಯವರೆಲ್ಲರೂ ಅದರೊಳಗೆ ಬಂದುಬಿಟ್ಟರು. ತಾಯಿ, ಮಗಳು, ತಾಯಿಯ ಕಿವಿಯೋಲೆ, ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿ, ಮಗಳ ಹೆಸರಿನ ಸೊನ್ನೆ ಶಿಲ್ಕಿನ ಖಾತೆ, ಒಂದೂ ಹೊರಗುಳಿಯಲಿಲ್ಲ. ಉಳ್ಳವರ ಮನೆಯ ಕಥೆ ಬೇರೆ. ಅಲ್ಲಿ ಮಗ ಇಪ್ಪತ್ತೈದಕ್ಕೇ ಸ್ವತಂತ್ರ ಉದ್ಯಮಿ, ಅವನದೇ ಆದಾಯ ತೆರಿಗೆ ಕಡತ. ಮಗಳು ಮದುವೆಯಾಗಿ ಹೋದವಳು, ತಮ್ಮ ಪಾಲಾಗಿ ಬೇರೆಯಾದವನು. ಕಾನೂನಿನ ಪ್ರಕಾರ ಅವರು ಯಾರೂ ಅವಲಂಬಿತರಲ್ಲ, ಆದ್ದರಿಂದ ಅವರ ಹೆಸರಿನಲ್ಲಿರುವುದು ಕಾಗದಕ್ಕೆ ಬರುವುದಿಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ. ಬಡವನ ಮನೆ ಇಡಿಯಾಗಿ ತಕ್ಕಡಿಗೆ ಬೀಳುತ್ತದೆ, ಸಿರಿವಂತನ ಮನೆ ಬಿಡಿಯಾಗಿ.

ಸ್ಥಿರಾಸ್ತಿ

ಕೃಷಿ ಭೂಮಿಗೆ ನಮೂನೆ ಕೇಳುವುದು ಬಹಳ: ಸ್ಥಳ, ಸರ್ವೆ ನಂಬರು, ವಿಸ್ತೀರ್ಣ, ಪಿತ್ರಾರ್ಜಿತವೇ, ಕೊಂಡದ್ದಾದರೆ ಯಾವಾಗ, ಎಷ್ಟಕ್ಕೆ, ಅಭಿವೃದ್ಧಿಗೆ ಹಾಕಿದ್ದೆಷ್ಟು, ಈಗಿನ ಅಂದಾಜು ಮಾರುಕಟ್ಟೆ ಬೆಲೆ ಎಷ್ಟು. ಭಾವನ ಪಾಲಿಗೆ ಹಿಸ್ಸೆಯಲ್ಲಿ ಬಂದದ್ದು ಒಂದು ಎಕರೆ ಹತ್ತು ಗುಂಟೆ ತೋಟ. ಬೆಲೆ ಕೇಳಿದಾಗ ಅವನು ನಿಜವಾಗಿ ತಬ್ಬಿಬ್ಬಾದ. "ಎಲೆಚುಕ್ಕೆ ರೋಗ ಹತ್ತಿದ ತೋಟಕ್ಕೆ ಯಾರು ಬೆಲೆ ಕಟ್ಟುತ್ತಾರೆ? ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ ಕಳೆದರೆ ಉಳಿಯುವುದು ಸೋಗೆ" ಎಂದ. ನಾನು ಆ ವರ್ಷ ಅದೇ ಹೋಬಳಿಯಲ್ಲಿ ಬರೆದ ಕ್ರಯಪತ್ರಗಳನ್ನು ನೆನೆದು, ನೋಂದಣಿಯ ಮಾರ್ಗಸೂಚಿ ದರವನ್ನು ಬದಿಗಿಟ್ಟು, ನಿಜವಾಗಿ ಕೈಬದಲಾಗುವ ದರದಲ್ಲಿ ಎಕರೆಗೆ 18 ಲಕ್ಷ ಹಾಕಿದೆ. 22.50 ಲಕ್ಷ ಆಯಿತು. ಮನೆಗೆ ನಾಲ್ಕು ಲಕ್ಷ. ಚರ ಸ್ಥಿರ ಎಲ್ಲ ಸೇರಿ ಒಟ್ಟು 33,40,250 ರೂಪಾಯಿ.

ಹಾಗೆ ನಿಜವಾದ ಬೆಲೆ ಹಾಕಿ ನಾನು ಭಾವನಿಗೆ ಅನ್ಯಾಯ ಮಾಡಿದೆನೇನೋ. ನಮೂನೆ ಕೇಳುವುದು 'ಅಂದಾಜು' ಬೆಲೆ, ಆ ಅಂದಾಜನ್ನು ಮಾರ್ಗಸೂಚಿ ದರದಲ್ಲಿ ಬರೆದರೂ ಕೈ ಹಿಡಿಯುವವರಿಲ್ಲ. ಮುಖ್ಯ ರಸ್ತೆಯ ನಿವೇಶನಕ್ಕೆ ಮಾರ್ಗಸೂಚಿ ದರಕ್ಕೂ ನಿಜ ಬೆಲೆಗೂ ಇರುವ ಅಂತರ ದಸ್ತಾವೇಜು ಬರೆಯುವ ನಮಗೆ ಹೊಸದಲ್ಲ. ಹೀಗಾಗಿ ಶಾಸಕರ 64.39 ಕೋಟಿಯನ್ನು ನಾನು ಕೆಳಗಿನ ಅಂದಾಜು ಎಂದೇ ಓದುತ್ತೇನೆ. ಭಾವನ 33 ಲಕ್ಷದಲ್ಲಿ ಮಾತ್ರ ಬಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ.

ಸುಳ್ಳು ಲೆಕ್ಕ ಶಾಸಕರ ಗುತ್ತಿಗೆ ಮಾತ್ರ ಎಂದು ನಾನು ಹೇಳುತ್ತಿಲ್ಲ. ಆದಾಯ ಪ್ರಮಾಣಪತ್ರಕ್ಕೆ ಒಂದು ಆದಾಯ, ಬ್ಯಾಂಕ್ ಸಾಲಕ್ಕೆ ಇನ್ನೊಂದು, ಹುಡುಗಿ ನೋಡಲು ಹೋದಲ್ಲಿ ಮತ್ತೊಂದು ಆದಾಯ ಹೇಳುವ ಊರು ನಮ್ಮದು. ಬಿಪಿಎಲ್ ಕಾರ್ಡಿನ 1.20 ಲಕ್ಷದ ಮಿತಿಯೊಳಗೆ ಎಷ್ಟು ಮನೆಗಳು ಮೈ ಮುದುಡಿಕೊಂಡು ಕುಳಿತಿವೆ ಎಂಬುದು ನನಗೆ ಗೊತ್ತು. ಕೆಲವನ್ನು ಕೂರಿಸಿದವನೂ ನಾನೇ. ಇವರು ಮುಚ್ಚಿಡುವುದು ತಿಂಗಳ ಅಕ್ಕಿಗಾಗಿ ಎಂದು ವಕಾಲತ್ತು ವಹಿಸಬಹುದು, ಆದರೂ ಮುಚ್ಚಿಡುವುದು ಮುಚ್ಚಿಡುವುದೇ.

ಸಾಲದ ಅಂಕಣಕ್ಕೆ ಬಂದಾಗ ಭಾವನ ನೆನಪು ಚುರುಕಾಯಿತು. ಒಂದೊಂದನ್ನೂ ಪೈಸೆ ಸಮೇತ ಹೇಳಿದ. ಸಹಕಾರ ಸಂಘದ ಬೆಳೆಸಾಲ 1,85,000. ಚಿನ್ನದ ಮೇಲೆ 1,10,000. ಅಕ್ಕನ ಸ್ವಸಹಾಯ ಸಂಘದ ಸಾಲ 72,000, ವಾರದ ಕಂತು. ಮುಂದಿನ ಫಸಲಿಗೆ ಚೇಣಿದಾರನಿಂದ, ಎಂದರೆ ಫಸಲು ಗುತ್ತಿಗೆ ಹಿಡಿಯುವವನಿಂದ, ತೆಗೆದುಕೊಂಡ ಮುಂಗಡ 50,000. ಒಟ್ಟು 4,17,000. ಚೇಣಿದಾರನ ಮುಂಗಡವನ್ನು ಸಾಲ ಎನ್ನಬೇಕೋ ವ್ಯಾಪಾರ ಎನ್ನಬೇಕೋ ಎಂದು ನಾವಿಬ್ಬರೂ ವಾದ ಮಾಡಿದೆವು. ಫಸಲು ಕೈಕೊಟ್ಟರೆ ಸಾಲ ಎಂದು ತೀರ್ಮಾನವಾಯಿತು. ಕಳೆದು ಉಳಿದದ್ದು 29,23,250.

ಸರಾಸರಿ ಎಂಬ ಮಾಯೆ

ಎಡಿಆರ್ ತೆಗೆಯುವುದು ಸಾಲ ಕಳೆಯದ ಒಟ್ಟು ಆಸ್ತಿಯ ಸರಾಸರಿ. ಆದ್ದರಿಂದ ಹೋಲಿಸುವುದಾದರೆ ಭಾವನ 33.40 ಲಕ್ಷಕ್ಕೇ ಹೋಲಿಸಬೇಕು. ಸುಮಾರು 193 ಪಟ್ಟು. ಆದರೆ ಇಂಥ ಸಂಖ್ಯೆ ಕಂಡಾಗ ನಾನು ಅದರ ಹೊಟ್ಟೆಯೊಳಗೆ ಕೈ ಹಾಕಿ ನೋಡುತ್ತೇನೆ. ಆ 223 ಜನರಲ್ಲಿ ಕನಕಪುರದ ಡಿ.ಕೆ. ಶಿವಕುಮಾರ್ ಘೋಷಿಸಿದ್ದು 1,413 ಕೋಟಿ, ಗೌರಿಬಿದನೂರಿನ ಕೆ.ಎಚ್. ಪುಟ್ಟಸ್ವಾಮಿಗೌಡ ಘೋಷಿಸಿದ್ದು 1,267 ಕೋಟಿ, ಗೋವಿಂದರಾಜನಗರದ ಪ್ರಿಯಕೃಷ್ಣ ಘೋಷಿಸಿದ್ದು 1,156 ಕೋಟಿ. ಮೂವರದೇ 3,836 ಕೋಟಿ. ಒಟ್ಟು ರಾಶಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ಅವರನ್ನು ಬದಿಗಿಟ್ಟು ಉಳಿದ 220 ಜನರ ಸರಾಸರಿ ತೆಗೆದರೆ ಸುಮಾರು 47.8 ಕೋಟಿಗೆ ಇಳಿಯುತ್ತದೆ. ಇನ್ನೂ ಮೇಲಿನ ಕೆಲವರನ್ನು ತೆಗೆದರೆ ಇನ್ನೂ ಇಳಿಯುತ್ತದೆ. ಭಾವನಿಗೆ ಇದರಿಂದ ಸಮಾಧಾನವಾಗಲಿಲ್ಲ. "ಇನ್ನೂರು ಪಟ್ಟು ಅಲ್ಲ, ನೂರನಲವತ್ತು ಪಟ್ಟು ಎಂದು ಹೇಳಿ ಕಳಿಸುತ್ತೀಯಾ?" ಎಂದ.

ಶಾಸಕರಲ್ಲಿ ನೂರಕ್ಕೆ 97 ಮಂದಿ ಕೋಟ್ಯಧಿಪತಿಗಳು ಎಂಬ ಶೀರ್ಷಿಕೆ 2018ರಲ್ಲೂ ಬಂತು, 2023ರಲ್ಲೂ ಬಂತು. ಮಲೆನಾಡಿನಲ್ಲಿ ಕುಳಿತು ಓದುವವನಿಗೆ ಅದರಲ್ಲಿ ದಂಗಾಗುವಂಥದ್ದು ಕಾಣುವುದಿಲ್ಲ. ಭಾವನ ಊರಿನ ದರದಲ್ಲೇ ಆರು ಎಕರೆ ತೋಟವಿದ್ದವನು ಕೋಟಿ ದಾಟುತ್ತಾನೆ, ಮಳೆಗಾಲದಲ್ಲಿ ಸೊಸೈಟಿಯ ಬಾಗಿಲಿಗೆ ಸಾಲಕ್ಕೆ ಬಂದು ನಿಲ್ಲುವವನೂ ಅವನೇ. ಕೋಟಿಗೆ ಈಗ ಮೊದಲಿನ ತೂಕವಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಲೆಕ್ಕ. 64.39 ಕೋಟಿಯನ್ನು ಎಕರೆಗೆ 18 ಲಕ್ಷದಂತೆ ತೋಟವಾಗಿ ಹರಡಿದರೆ ಸುಮಾರು 358 ಎಕರೆ ಆಗುತ್ತದೆ. ಅಷ್ಟು ಅಡಿಕೆ ತೋಟ ಒಂದು ಕುಟುಂಬದ ಕೈಯಲ್ಲಿರಲು ಭೂಮಿತಿ ಕಾನೂನು ಬಿಡುವುದಿಲ್ಲ. ಎಂದರೆ ಈ ಸಂಪತ್ತು ನಮಗೆ ಪರಿಚಯವಿರುವ ಜಾತಿಯದೇ ಅಲ್ಲ. ಅದು ನಿವೇಶನ, ವಾಣಿಜ್ಯ ಕಟ್ಟಡ, ಕಂಪನಿಯ ಷೇರು. ಮಳೆ ಬಂದರೂ ಬಾರದಿದ್ದರೂ, ಕೊಳೆರೋಗ ಬಂದರೂ, ಕೂತಲ್ಲೇ ಬೆಲೆ ಏರುವ ಬಗೆಯದು.

ಸಂಬಳದಿಂದ ಈ ಗುಡ್ಡೆ ಬಿದ್ದದ್ದಲ್ಲ ಎಂಬುದು ಸಣ್ಣ ಗುಣಾಕಾರದ ಮಾತು. ಹೊಸ ಮೂಲ ವೇತನ ಐದು ವರ್ಷಕ್ಕೆ 48 ಲಕ್ಷ. ಭತ್ಯೆಗಳನ್ನು ಸೇರಿಸಿದರೂ ಕೋಟಿಗಳ ಲೆಕ್ಕಕ್ಕೆ ಅದು ಬಾಲ. ಈ ಕಾರಣಕ್ಕೇ ವೇತನ ಹೆಚ್ಚಳದ ಮೇಲಿನ ಸಿಟ್ಟು ಜಾಗ ತಪ್ಪಿ ಬಿದ್ದಿದೆ ಎಂದು ನನಗೆ ಅನ್ನಿಸುತ್ತದೆ. ನೇರವಾಗಿ ದುಡಿಯುವ ಬಡ ಶಾಸಕನೊಬ್ಬನಿದ್ದರೆ ಅವನಿಗೆ ಸಂಬಳ ಬೇಕು. ಉಳಿದವರಿಗೆ ಅದು ಚಿಲ್ಲರೆ. ಹಾಗೆಂದು, ಆ ವರ್ಷದ ಏಪ್ರಿಲ್‌ನಿಂದ ರಾಜ್ಯದ ಉದ್ಯೋಗ ಖಾತರಿಯ ದಿನಗೂಲಿ 349ರಿಂದ 370 ರೂಪಾಯಿಗೆ ಏರಿತು. ಒಂದು ಕಡೆ ದುಪ್ಪಟ್ಟು, ಇನ್ನೊಂದು ಕಡೆ 21 ರೂಪಾಯಿ. ಇವೆರಡೂ ಒಂದೇ ತಿಂಗಳಲ್ಲಿ ಕಣ್ಣಿಗೆ ಬಿದ್ದರೆ ಸಿಟ್ಟು ಬರಬಾರದು ಎಂದು ಯಾರಿಗೆ ಹೇಳಲಿ?

ಸಾಮಾನ್ಯ ಪ್ರಜೆಯ ಸರಾಸರಿಯೂ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೇ ಸುತ್ತಿನಲ್ಲಿ 2018ರ ಜೂನ್ 30ಕ್ಕೆ ದೇಶದ ಗ್ರಾಮೀಣ ಮನೆಯೊಂದರ ಸರಾಸರಿ ಆಸ್ತಿ 15.92 ಲಕ್ಷ, ನಗರದ್ದು 27.17 ಲಕ್ಷ. ಅದೇ ವರ್ಷ ಮೇ ತಿಂಗಳಲ್ಲಿ ಗೆದ್ದು ಬಂದ ನಮ್ಮ ಶಾಸಕರ ಸರಾಸರಿ 34.59 ಕೋಟಿ. ಒಂದೂವರೆ ತಿಂಗಳ ಅಂತರದ ಎರಡು ಅಂಕಿಗಳಾದ್ದರಿಂದ ಹೋಲಿಕೆಗೆ ಇವೇ ಹೆಚ್ಚು ಯೋಗ್ಯ: 217 ಪಟ್ಟು. ಐದು ವರ್ಷದಲ್ಲಿ ಶಾಸಕರ ಸರಾಸರಿ 34.59ರಿಂದ 64.39 ಕೋಟಿಗೆ, ಎಂದರೆ ಶೇಕಡ 86ರಷ್ಟು ಏರಿದೆ. ಆದರೆ ಎರಡೂ ಸಲ ಗೆದ್ದವರು ಒಂದೇ ಜನರಲ್ಲ. ಕುಳಿತವರು ಸಿರಿವಂತರಾದರೋ, ಇನ್ನೂ ಸಿರಿವಂತರು ಬಂದು ಕುಳಿತರೋ ಎಂಬುದನ್ನು ಸರಾಸರಿ ಬಿಡಿಸಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಎರಡನೆಯದು ಹೆಚ್ಚು ಯೋಚಿಸಬೇಕಾದ ಸಂಗತಿ.

ಅಂಕಣಕ್ಕೆ ಬಾರದ ತೋಟ

ಇಷ್ಟು ಬರೆದ ಮೇಲೆ ಭಾವ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿ, "ಮೇಲಿನ ತೋಟ ಎಲ್ಲಿ?" ಎಂದ.

ಮೇಲಿನ ತೋಟ ಎಂದರೆ ಮನೆಯ ಹಿಂದಿನ ಏರಿನಲ್ಲಿರುವ ಒಂದು ಎಕರೆ ಮೂವತ್ತು ಗುಂಟೆ. ಭಾವನ ತಂದೆ ತೊಂಬತ್ತರ ದಶಕದ ಕೊನೆಯಲ್ಲಿ ಮುಳ್ಳುಕಂಟಿ ಕಡಿದು ಅಡಿಕೆ ಹಾಕಿದ್ದು. ನಾನು ಅಕ್ಕನ ಮದುವೆಯ ಮಾರನೇ ವರ್ಷ ಅಲ್ಲಿ ಸಸಿಗೆ ನೀರು ಹೊತ್ತಿದ್ದೇನೆ. ಮರಗಳು ಈಗ ಆಳೆತ್ತರದ ಎಷ್ಟೋ ಪಟ್ಟು. ಕೆಳಗಿನ ತೋಟಕ್ಕಿಂತ ಅದರ ಫಸಲೇ ಚೆನ್ನ. ಪಹಣಿಯಲ್ಲಿ ಮಾತ್ರ ಅದು ಸರ್ಕಾರಿ. ಬಗರ್ ಹುಕುಂ, ಎಂದರೆ ಮಂಜೂರಾತಿಯಿಲ್ಲದೆ ಸರ್ಕಾರಿ ಜಾಗದಲ್ಲಿ ಮಾಡಿದ ಸಾಗುವಳಿ. ಅದನ್ನು ಸಕ್ರಮ ಮಾಡಿಕೊಡಿ ಎಂದು ನಮೂನೆ 57ರಲ್ಲಿ ಅರ್ಜಿ ಹಾಕಿ ಆರೇಳು ವರ್ಷವಾಯಿತು. ಅರ್ಜಿ ಬರೆದವನು ನಾನೇ, ಸ್ವೀಕೃತಿ ಚೀಟಿಗೆ ಪ್ಲಾಸ್ಟಿಕ್ ಹೊದಿಸಿಕೊಟ್ಟವನೂ ನಾನೇ. 2005ರ ಜನವರಿ 1ಕ್ಕಿಂತ ಮೊದಲಿನ ಸಾಗುವಳಿ ಹೌದು. ಇರುವುದೂ ಸೇರಿ 4 ಎಕರೆ 38 ಗುಂಟೆಯ ಮಿತಿ ದಾಟುವುದಿಲ್ಲ. ಆದರೂ ಆ ಜಾಗ ಕಾನು ಎಂಬ ಮಲೆನಾಡಿನ ಕಾಡೋ, ಗೋಮಾಳವೋ, ಅರಣ್ಯವೆಂದು ಘೋಷಣೆಯಾಗದಿದ್ದರೂ ಅರಣ್ಯವೆಂದೇ ಎಣಿಸುವ ಡೀಮ್ಡ್ ಅರಣ್ಯವೋ ಎಂಬ ಪ್ರಶ್ನೆ ಇತ್ಯರ್ಥವಾಗಿಲ್ಲ. 2022ರಲ್ಲಿ ಸರ್ಕಾರ ಡೀಮ್ಡ್ ಅರಣ್ಯದ ವಿಸ್ತೀರ್ಣವನ್ನು 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷಕ್ಕೆ ಇಳಿಸಿ ಅಧಿಸೂಚನೆ ಹೊರಡಿಸಿದಾಗ ಇನ್ನೇನು ಆಯಿತು ಎಂದು ಭಾವ ಸಿಹಿ ಹಂಚಿದ್ದ. ಕಡತ ಅಲ್ಲಾಡಲಿಲ್ಲ.

"ಪಹಣಿಯಲ್ಲಿ ನಿನ್ನ ಹೆಸರಿಲ್ಲ ಭಾವ. ಬರೆದರೆ ಸುಳ್ಳು ಪ್ರಮಾಣವಾಗುತ್ತದೆ" ಎಂದೆ.

"ನಾನು ಅಡಿಕೆ ಕೊಯ್ದದ್ದು ಸುಳ್ಳಾ?"

ಅವನ ಪ್ರಶ್ನೆಯಿಂದ ಇನ್ನೊಂದು ತೊಡಕು ಎದ್ದಿತು. ಹಿಂದಿನ ವರ್ಷ ಭಾವ ಮಂಡಿಗೆ ಹಾಕಿದ್ದು ಹದಿನಾಲ್ಕು ಕ್ವಿಂಟಲ್. ಕಾಗದದಲ್ಲಿರುವ ಒಂದೂಕಾಲು ಎಕರೆ ಎಲೆಚುಕ್ಕೆಯ ತೋಟದಲ್ಲಿ ಅಷ್ಟು ಬೆಳೆಯುವುದು ಸಾಧ್ಯವಿಲ್ಲ. ಆದಾಯದ ಮೂಲ ಬರೆಯುವ ಅಂಕಣದಲ್ಲಿ 'ಕೃಷಿ' ಎಂದು ಬರೆದರೆ, ಲೆಕ್ಕ ಬಲ್ಲ ಅಧಿಕಾರಿಯೊಬ್ಬ ನೋಡಿ, ಈ ಮನುಷ್ಯನಿಗೆ ಇರುವ ಆಸ್ತಿಗೂ ಬರುವ ಆದಾಯಕ್ಕೂ ತಾಳೆಯಿಲ್ಲ ಎನ್ನಬಹುದು. ಕಾಗದದ ಪ್ರಕಾರ ನನ್ನ ಭಾವನದು ಮೂಲ ತಿಳಿಯದ ವರಮಾನ! ನಾವಿಬ್ಬರೂ ಬಹಳ ಹೊತ್ತು ನಕ್ಕೆವು. ಪಕ್ಕದ ಜೆರಾಕ್ಸ್ ಅಂಗಡಿಯವನು ಬಂದು ಏನೆಂದು ಕೇಳಿದ, ಅವನಿಗೆ ನಗು ಬರಲಿಲ್ಲ. ಅವನದೂ ಎರಡು ಎಕರೆ ಹಾಗೆಯೇ ಇದೆ.

ಮೇಲಿನ ತೋಟಕ್ಕೆ ಅದೇ 18 ಲಕ್ಷದ ದರ ಹಾಕಿದರೆ 31.50 ಲಕ್ಷ. ಕಾಗದಕ್ಕೆ ಬಂದ ಎಲ್ಲವನ್ನೂ ಸೇರಿಸಿದಷ್ಟೇ ದೊಡ್ಡ ಆಸ್ತಿ ಕಾಗದದ ಹೊರಗಿದೆ. ಹಕ್ಕುಪತ್ರ ಕೈಗೆ ಬಂದ ದಿನ ಭಾವನ ಆಸ್ತಿ 33 ಲಕ್ಷದಿಂದ ಸುಮಾರು 65 ಲಕ್ಷಕ್ಕೆ ಏರುತ್ತದೆ. ಬಂದೊಡನೆ ಮಾರುವಂತಿಲ್ಲ, ಷರತ್ತುಗಳಿವೆ. ಆದರೂ ಬ್ಯಾಂಕು ಸಾಲ ಕೊಡುತ್ತದೆ, ಬೆಳೆವಿಮೆ ಸಿಗುತ್ತದೆ, ರೋಗದ ಪರಿಹಾರದ ಪಟ್ಟಿಯಲ್ಲಿ ಹೆಸರು ಬರುತ್ತದೆ. ಇಂದು ಆ ತೋಟಕ್ಕೆ ಇದಾವುದೂ ಇಲ್ಲ. ಅದಕ್ಕೆ ಹಾಕಿದ ಗೊಬ್ಬರದ ಸಾಲ ಮಾತ್ರ ಕೆಳಗಿನ ತೋಟದ ಹೆಸರಿನಲ್ಲಿ ಸೊಸೈಟಿಯ ಪುಸ್ತಕದಲ್ಲಿದೆ.

ಆ ಹಕ್ಕುಪತ್ರದ ದಾರಿ ಯಾವ ಮೇಜಿನ ಮೇಲೆ ಹಾದುಹೋಗುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ಕರ್ನಾಟಕ ಭೂಕಂದಾಯ ಕಾಯ್ದೆಯ 94ಎ ಕಲಮಿನ ಪ್ರಕಾರ ಬಗರ್ ಹುಕುಂ ಸಕ್ರಮೀಕರಣ ಸಮಿತಿಗೆ ಆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಸಭೆ ಕರೆದರೆ ಕಡತ ಸಾಗುತ್ತದೆ. ಭಾವನ ಆಸ್ತಿಗೂ ಶಾಸಕರ ಆಸ್ತಿಗೂ ಎಷ್ಟು ಪಟ್ಟು ಅಂತರ ಎಂದು ಬೆಳಗಿನಿಂದ ಲೆಕ್ಕ ಹಾಕುತ್ತಿದ್ದ ನಮಗೆ, ಆ ಎರಡು ಅಂಕಿಗಳ ನಡುವೆ ಹೀಗೊಂದು ಹುರಿಯಿದೆ ಎಂಬುದು ಆವರೆಗೂ ಹೊಳೆದಿರಲಿಲ್ಲ. ಒಬ್ಬನ ಆಸ್ತಿಯ ಅಂಕಿ ಅರ್ಧವೋ ಇಡಿಯೋ ಎಂಬುದು ಇನ್ನೊಬ್ಬರು ಸಭೆ ಕರೆಯುವುದರ ಮೇಲೆ ನಿಂತಿದೆ. ಈ ಸಂಬಂಧ ಯಾವ ಪ್ರಮಾಣಪತ್ರದ ಯಾವ ಅಂಕಣದಲ್ಲೂ ಕಾಣುವುದಿಲ್ಲ. "ಹಾಗಾದರೆ ನನ್ನ ಅರ್ಧ ತೋಟ ಕಡತದಲ್ಲಿ ಬೆಳೆಯುತ್ತಿದೆ ಎನ್ನು" ಎಂದ ಭಾವ.

ಶಾಸಕರಲ್ಲಿ ಸಭೆಗಳನ್ನು ಬಿಡದೆ ನಡೆಸುವವರೂ ಇದ್ದಾರೆ, ಕೋರ್ಟು ಮತ್ತು ಅರಣ್ಯ ಇಲಾಖೆಯ ಅಡ್ಡಿಯಿಂದ ಕೈಕಟ್ಟಿ ಕುಳಿತವರೂ ಇದ್ದಾರೆ. ಕಾಡು ಉಳಿಯಬೇಕು ಎನ್ನುವವರ ಮಾತಿನಲ್ಲೂ ನ್ಯಾಯವಿದೆ. ಭಾವನ ಎರಡು ಎಕರೆಯ ಹೆಸರು ಹೇಳಿಕೊಂಡು ಇಪ್ಪತ್ತು ಎಕರೆ ನುಂಗಿದವರನ್ನೂ ನಾನು ಕಂಡಿದ್ದೇನೆ.

ನಮ್ಮ ಸೀಮೆಗೆ ಅಳತೆಯ ಜಗಳ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಎದ್ದು ನಿಂತದ್ದರ ಹಿಂದೆ ಇದ್ದದ್ದು ಕೊಳಗದ ತಕರಾರು, ಗೇಣಿ ಭತ್ತ ಅಳೆಯಲು ಧಣಿಗಳು ಬಳಸುತ್ತಿದ್ದ ದೊಡ್ಡ ಕೊಳಗ. ಆ ಹೋರಾಟದ ಕಾಲದಲ್ಲೇ ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೆ ಒಳಗಾದರು. ಮರುವರ್ಷ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ಹೋದರು. 'ಒಂದು ಓಟು, ಒಂದು ನೋಟು' ಎಂದು ಜನರಿಂದಲೇ ರೂಪಾಯಿ ಎತ್ತಿ ಚುನಾವಣೆ ಮಾಡಿದ ಅವರ ಕಥೆಯನ್ನು ನಮ್ಮ ತಂದೆಯ ವಾರಿಗೆಯವರು ದಣಿಯದೆ ಹೇಳುತ್ತಿದ್ದರು. ಈಗ ಅದೇ ಎರಡು ಪದ ಇದ್ದರೂ ನೋಟು ಚಲಿಸುವ ದಿಕ್ಕು ಬೇರೆ.

ನಿಂತರೆ ಏನಾಗುತ್ತದೆ

ಕಾಗದ ಹೇಗೂ ತುಂಬಿಯಾಯಿತು, ನಿಂತೇಬಿಡು ಎಂದು ಭಾವನನ್ನು ಕೆಣಕಿದೆ. ಅವನು ತಮಾಷೆಗೇ ಆದರೂ ಖರ್ಚು ಕೇಳಿದ. ಠೇವಣಿ ಹತ್ತು ಸಾವಿರ, ಅದನ್ನು ಅವನು ಕಟ್ಟಬಲ್ಲ. ವಿಧಾನಸಭೆಗೆ ಒಬ್ಬ ಅಭ್ಯರ್ಥಿ ಖರ್ಚು ಮಾಡಲು ಚುನಾವಣಾ ಆಯೋಗ ನಮ್ಮಂಥ ದೊಡ್ಡ ರಾಜ್ಯಗಳಲ್ಲಿ 2022ರಿಂದ ಇಟ್ಟಿರುವ ಮಿತಿ 40 ಲಕ್ಷ. ನಾನು ಕಾಗದದ ಕೆಳಗಿನ ಒಟ್ಟು ಮೊತ್ತದ ಮೇಲೆ ಬೆರಳಿಟ್ಟೆ: 33,40,250. ತೋಟ, ಮನೆ, ಹಸು, ಬೈಕು, ತಾಯಿಯ ಓಲೆ ಎಲ್ಲ ಮಾರಿ, ಸಾಲಗಾರರಿಗೆ ಕೈ ಎತ್ತಿದರೂ, ಕಾನೂನು ಒಪ್ಪುವ ಮಿತಿಯವರೆಗೆ ಖರ್ಚು ಮಾಡಲು ಅವನಿಗೆ ಆರೂವರೆ ಲಕ್ಷ ಕಡಿಮೆ ಬೀಳುತ್ತದೆ. ಆ ಮಿತಿಯೊಳಗೆ ಚುನಾವಣೆ ಮುಗಿಯುತ್ತದೆ ಎಂದು ನಂಬುವವರನ್ನು ನಾನು ನೋಡಿಲ್ಲ. ಅದು ಬೇರೆ ವಿಚಾರ. ದೇಶದ ಗ್ರಾಮೀಣ ಸರಾಸರಿಗಿಂತ ಮೇಲಿರುವ, ಊರಿನಲ್ಲಿ 'ಅನುಕೂಲಸ್ಥರು' ಎಂದು ಕರೆಸಿಕೊಳ್ಳುವ ಮನೆಯ ಕಥೆ ಇದು. ಭಾವನ ತೋಟದಲ್ಲಿ ಕೊನೆ ಇಳಿಸುವವನ ಕಾಗದವನ್ನು ನಾನು ತುಂಬಲು ಹೋಗಲಿಲ್ಲ. ಅವನದು ಹೆಚ್ಚೂಕಡಿಮೆ ಎಲ್ಲ ಅಂಕಣದಲ್ಲೂ 'ಇಲ್ಲ'.

ಅಷ್ಟರಲ್ಲಿ ಸರ್ವರ್ ಬಂತು. ಮಗಳ ಅರ್ಜಿ ಹಾಕಿ ಮುಗಿಸಿದೆವು. ಭಾವ ನಮೂನೆ 26ರ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಪಹಣಿಯ ಚೀಲಕ್ಕೆ ಸೇರಿಸಿಕೊಂಡು ಬಸ್ಸಿಗೆ ಹೋದ.

ಸಂಜೆ ಅಕ್ಕನ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದಳು. "ಏನು ಬರೆದಿದ್ದೀಯೋ ಅದು? ಇವರು ಜಗಲಿಯಲ್ಲಿ ಕೂತು ಎಲ್ಲರಿಗೂ ಓದಿ ಹೇಳುತ್ತಿದ್ದಾರೆ. ಸರ ಅಡವಿಟ್ಟದ್ದು ಅತ್ತೆಗೆ ಗೊತ್ತಿಲ್ಲ ಮಾರಾಯ. ಸಾಲದ ಪುಟವನ್ನಾದರೂ ತೆಗೆದಿಟ್ಟುಕೊಳ್ಳಬಾರದಿತ್ತಾ?"

ಅತ್ತೆಗೆ ಅವತ್ತೇ ಗೊತ್ತಾಯಿತು. ನಾಲ್ಕು ದಿನ ಮನೆಯಲ್ಲಿ ಮಾತುಕತೆ ಕಡಿಮೆಯಿತ್ತಂತೆ. ಅಟ್ಟದ ಎರಡು ಕ್ವಿಂಟಲ್ ಅಡಿಕೆ ಮಾರಿ, ಕೈಯಿಂದ ಸ್ವಲ್ಪ ಹಾಕಿ ಸರ ಬಿಡಿಸಿಕೊಂಡ ಮೇಲೆ, ಇದನ್ನು ಬರೆಯಲು ಅಕ್ಕನೂ ಒಪ್ಪಿದಳು. 34 ಗ್ರಾಂ ಎಂಬುದನ್ನು 33 ಎಂದು ತಿದ್ದಬೇಕಂತೆ. ಓಲೆಯ ತಿರುಪೊಂದು ಹಿಂದಿನ ವರ್ಷವೇ ಎಲ್ಲೋ ಬಿದ್ದುಹೋಗಿತ್ತು.